ರಿಪೋರ್ಟ್‌ನಲ್ಲಿ "ಮೆನಿಸ್ಕಸ್ ಗ್ರೇಡ್ 2, ಎಫ್ಯೂಷನ್" ಅಂತ ಇದೆ. ಅಮ್ಮನಿಗೆ ಮಂಡಿ ಆಪರೇಷನ್ ಬೇಕಾ?

ನಿಮ್ಮ ಅಮ್ಮನಿಗೆ 58 ವರ್ಷ, ಬಲ ಮಂಡಿ ಊದಿದೆ, ಎಂಆರ್‌ಐಯಲ್ಲಿ ಮೆನಿಸ್ಕಸ್ ಗ್ರೇಡ್ 2, ಎಫ್ಯೂಷನ್, ಆಸ್ಟಿಯೋಫೈಟ್ ಅಂತ ಬಂದಿದೆ ಅಂದಿರಿ. ನಾನು ಡಾಕ್ಟರ್ ಅಲ್ಲ. ಆದರೆ ಮೂರು ವರ್ಷದ ಹಿಂದೆ ಹೆಚ್ಚುಕಮ್ಮಿ ಇವೇ ಪದಗಳಿದ್ದ ನನ್ನ ಬಲ ಮಂಡಿಯ ರಿಪೋರ್ಟ್ ಕೈಯಲ್ಲಿ ಹಿಡಿದು ನಾನೂ ರಾತ್ರಿಯಿಡೀ ನಿದ್ದೆಗೆಟ್ಟಿದ್ದೆ. ನಿಮ್ಮ ಗಾಬರಿ ನನಗೆ ಗೊತ್ತು.

ಮೆನಿಸ್ಕಸ್ ಅಂದರೆ ತೊಡೆ ಮೂಳೆಗೂ ಕೆಳಗಿನ ಕಾಲಿನ ಮೂಳೆಗೂ ನಡುವೆ ಇರುವ ಮೆತ್ತೆ. ಗ್ರೇಡ್ 1, 2 ಅಂದರೆ ಆ ಮೆತ್ತೆಯ ಒಳಗೆ ಸವೆತದ ಗುರುತಿದೆ, ಆದರೆ ಅದು ಅಂಚಿನವರೆಗೆ ಬಂದಿಲ್ಲ. ಹರಿದಿದೆ ಅನ್ನುವುದು ಗ್ರೇಡ್ 3ಕ್ಕೆ. ಎಕ್ಸ್‌ರೇಯಲ್ಲಿ ಸವೆತಕ್ಕೆ 0ಯಿಂದ 4ರವರೆಗೆ ಗ್ರೇಡ್ ಕೊಡುತ್ತಾರಲ್ಲ, ಅದು ಬೇರೆ ಲೆಕ್ಕ. ಎರಡನ್ನೂ ಒಂದೇ ಅಂದುಕೊಂಡು ನಾನು ಸುಮ್ನೆ ಹೆದರಿದ್ದೆ. ಆಸ್ಟಿಯೋಫೈಟ್ ಅಂದರೆ ಸವೆದ ಕೀಲಿನ ಅಂಚಲ್ಲಿ ಮೂಳೆ ಮುಳ್ಳಿನ ಹಾಗೆ ಬೆಳೆದಿರುವುದು. ಎಫ್ಯೂಷನ್ ಅಂದರೆ ಮಂಡಿಯಲ್ಲಿ ನೀರು ತುಂಬಿದೆ ಅಂತೀವಲ್ಲ, ಅದೇ.

ಅಮೆರಿಕದ ಫ್ರಾಮಿಂಗ್‌ಹ್ಯಾಮ್‌ನಲ್ಲಿ 50 ದಾಟಿದ 991 ಜನರ ಮಂಡಿ ಸ್ಕ್ಯಾನ್ ಮಾಡಿದ್ದರು. 2008ರಲ್ಲಿ ಅದರ ಫಲಿತಾಂಶ ಬಂತು. ಮೆನಿಸ್ಕಸ್ ಹರಿದಿದ್ದವರಲ್ಲಿ 100ಕ್ಕೆ 61 ಜನರಿಗೆ ಹಿಂದಿನ ಒಂದು ತಿಂಗಳಲ್ಲಿ ಮಂಡಿ ನೋವೇ ಇರಲಿಲ್ಲ! ಅಂದರೆ ಸ್ಕ್ಯಾನ್‌ನಲ್ಲಿ ಕಂಡಿದ್ದೆಲ್ಲ ನೋವಿಗೆ ಕಾರಣ ಆಗಬೇಕಂತಿಲ್ಲ.

ನನ್ನ ಅನುಭವದಲ್ಲಿ ಮೊದಲು ಇಳಿಸಬೇಕಾದ್ದು ಊತ. ಮಂಡಿಯಲ್ಲಿ ನೀರು ತುಂಬಿದರೆ ತೊಡೆಯ ಮುಂದಿನ ಸ್ನಾಯು ಸರಿಯಾಗಿ ಕೆಲಸ ಮಾಡುವುದಿಲ್ಲ. ಫಿಸಿಯೋ ಮೇಡಂ ನನ್ನ ಮಂಡಿ ಕೆಳಗೆ ಟವೆಲ್ ಸುರುಳಿ ಇಟ್ಟು "ಒತ್ತಿ" ಅಂದರು. ಎಡ ತೊಡೆ ಕಲ್ಲಿನ ಹಾಗೆ ಬಿಗಿಯಾಯಿತು. ಬಲ ತೊಡೆ ಕಲಸಿಟ್ಟ ಹಿಟ್ಟಿನ ಹಾಗೆ ಮೆತ್ತಗೇ ಇತ್ತು. ನಾನು ಎಷ್ಟು ಒತ್ತಿದರೂ ಅಷ್ಟೇ. ಆಗ ಅರ್ಥ ಆಯಿತು, ಮೆಟ್ಟಿಲು ಇಳಿಯುವಾಗ ಕಾಲು ಯಾಕೆ ಕೈಕೊಡ್ತಿತ್ತು ಅಂತ.

ಬಟ್ಟೆ ಸುತ್ತಿದ ಐಸ್ ಹದಿನೈದು ನಿಮಿಷ, ಕಾಲು ದಿಂಬಿನ ಮೇಲೆ. ದಿನಕ್ಕೆ ಮೂರು ಸಲ ಮಾಡಿದೆ. ಜೊತೆಗೆ ಆ ಟವೆಲ್ ಒತ್ತುವುದು: ಐದು ಎಣಿಸುವವರೆಗೆ ಒತ್ತಿ ಬಿಡುವುದು, ಹತ್ತು ಸಲ. ಎರಡು ವಾರಕ್ಕೆ ಮಂಡಿಚಿಪ್ಪಿನ ಪಕ್ಕದ ಗುಳಿ ಮತ್ತೆ ಕಾಣಿಸಿತು. ಆಮೇಲೆ ಕಾಲು ನೇರ ಎತ್ತುವುದು, ಕುರ್ಚಿಯಿಂದ ಕೈ ಊರದೆ ಏಳುವುದು. ಈಳಿಗೆ ಮಣೆ ಮುಂದೆ ಕುಕ್ಕರಗಾಲಲ್ಲಿ ಕೂರುವುದನ್ನು ಮಾತ್ರ ಬಿಟ್ಟೆ. ಈಗ ಟೇಬಲ್ ಮೇಲೇ ತರಕಾರಿ ಹೆಚ್ಚುವುದು. ನಡಿಗೆ ಬಿಡಲಿಲ್ಲ. ಅಮ್ಮನನ್ನೂ ಪೂರ್ತಿ ಮಂಚಕ್ಕೆ ಹಾಕಬೇಡಿ, ತೊಡೆ ಇನ್ನೂ ಸೋಲುತ್ತದೆ. ತೂಕ ಜಾಸ್ತಿ ಇದ್ದರೆ ಒಂದು ಕೆಜಿ ಇಳಿದರೂ ಪ್ರತಿ ಹೆಜ್ಜೆಗೆ ಮಂಡಿ ಮೇಲಿನ ಭಾರ ಸುಮಾರು ನಾಲ್ಕು ಕೆಜಿ ಕಮ್ಮಿಯಾಗುತ್ತದೆ.

ಮೆಡಿಕಲ್ ಶಾಪ್‌ನಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಿಸಬೇಡಿ. ಬಿಪಿ, ಕಿಡ್ನಿ, ಹೊಟ್ಟೆ ಮೂರಕ್ಕೂ ಪೆಟ್ಟು. ಹಚ್ಚುವ ಜೆಲ್ ಸಾಕಾಗುತ್ತದಾ ಅಂತ ಡಾಕ್ಟರನ್ನು ಕೇಳಿ.

ಇನ್ನು ಆಪರೇಷನ್. ನನಗೂ ಒಬ್ಬ ಡಾಕ್ಟರ್ "ಮಂಡಿಗೆ ಸಣ್ಣ ತೂತು ಹಾಕಿ ಒಳಗೆ ಕ್ಲೀನ್ ಮಾಡೋಣ, ಮುಂದಿನ ವಾರ ಅಡ್ಮಿಟ್ ಆಗಿ" ಅಂದಿದ್ದರು. ಬೇರೆ ಕಡೆ ತೋರಿಸಿದೆ, ಬೇಡ ಅಂದರು. 2002ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಸವೆದ ಮಂಡಿಯ 180 ಜನರಲ್ಲಿ ಕೆಲವರಿಗೆ ನಿಜವಾಗಿ ಕ್ಲೀನ್ ಮಾಡಿ, ಕೆಲವರಿಗೆ ಚರ್ಮ ಮಾತ್ರ ಕೊಯ್ದು ಹೊಲಿಗೆ ಹಾಕಿ ನೋಡಿದ್ದರು. ನೋವಿನಲ್ಲಿ ವ್ಯತ್ಯಾಸವೇ ಇರಲಿಲ್ಲ. ಹಾಗಾಗಿ ಅವಸರ ಬೇಡ, ಇನ್ನೊಬ್ಬ ಡಾಕ್ಟರಿಗೂ ತೋರಿಸಿ. ಹೋಗುವಾಗ ನಿಂತು ತೆಗೆಸಿದ ಎಕ್ಸ್‌ರೇ ಇರಲಿ. ಮಲಗಿಸಿ ತೆಗೆದರೆ ಕೀಲಿನ ಗ್ಯಾಪ್ ಎಷ್ಟು ಕಮ್ಮಿಯಾಗಿದೆ ಅಂತ ಸರಿಯಾಗಿ ಕಾಣುವುದಿಲ್ಲ.

ಒಂದು ಮಾತ್ರ ನೆನಪಿಡಿ. ಮಂಡಿ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ, ಕಾಲು ಮಡಚಿದ್ದು ಬಿಚ್ಚಲಾಗದೆ ಸಿಕ್ಕಿಕೊಂಡರೆ, ಮೀನಖಂಡ ಊದಿ ನೋಯುತ್ತಿದ್ದರೆ, ಈ ಟವೆಲ್ ಐಸ್ ಎಲ್ಲ ಬಿಟ್ಟು ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.