ಸಂಪಾದಕರ ಉತ್ತರ: ಅಭಿಮಾನಿ ಕಥೆಗಾರರಿಗೆ ಓದುಗರು ಬರೆಯುವ ಮಾತು

(ಪತ್ರದ ಸಾರ: ದಾವಣಗೆರೆಯ ಓದುಗರೊಬ್ಬರು ಹ್ಯಾರಿ ಪಾಟರ್ ಪಾತ್ರಗಳನ್ನಿಟ್ಟುಕೊಂಡು ಅಭಿಮಾನಿಗಳು ಬರೆಯುವ ಕಥೆಗಳನ್ನು ಬಹುಕಾಲದಿಂದ ಓದುತ್ತಿದ್ದಾರೆ. ಏನು ಬರೆಯಬೇಕೆಂದು ತೋಚದೆ, ತಮ್ಮ ಇಂಗ್ಲಿಷ್ ಸಾಲದೆಂಬ ಸಂಕೋಚವೂ ಸೇರಿ, ಯಾವ ಲೇಖಕರಿಗೂ ಒಂದು ಮಾತು ಬರೆದಿಲ್ಲ. ತಪ್ಪು ಕಂಡರೆ ಹೇಳಬಹುದೇ, ಅರ್ಧಕ್ಕೆ ನಿಂತ ಕಥೆಯ ಲೇಖಕರಿಗೂ ಬರೆಯಬಹುದೇ ಎಂದು ಕೇಳಿದ್ದಾರೆ.)

ಮಾನ್ಯರೇ,

ಈ ಕಥೆಗಳನ್ನು ಬರೆಯುವವರಿಗೆ ಸಂಭಾವನೆ ಇಲ್ಲವೆಂಬುದು ತಮಗೆ ಗೊತ್ತೇ ಇದೆ. ಪಾತ್ರಗಳ ಹಕ್ಕು ಬೇರೆಯವರದಾದ್ದರಿಂದ ಬರೆದದ್ದನ್ನು ಮಾರುವಂತಿಲ್ಲ. 2009ರಲ್ಲಿ ಓದುಗರಿಗೆ ತೆರೆದುಕೊಂಡ ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಕಥಾಭಂಡಾರ ಲಾಭದ ಉದ್ದೇಶವಿಲ್ಲದ ಸಂಸ್ಥೆಯದು. ಅಲ್ಲಿ ಜಾಹೀರಾತಿಲ್ಲ, ಲೇಖಕರು ಹಣ ಕೇಳುವುದಕ್ಕೂ ಅವಕಾಶವಿಲ್ಲ. 2019ರಲ್ಲಿ ಅದಕ್ಕೆ ವಿಜ್ಞಾನ ಕಥಾಸಾಹಿತ್ಯದ ಹ್ಯೂಗೋ ಪ್ರಶಸ್ತಿ ಸಂದಾಗಲೂ ಅದು ಭಂಡಾರಕ್ಕೆ ಸಂದದ್ದೇ ಹೊರತು ಅಲ್ಲಿನ ಒಬ್ಬೊಬ್ಬ ಲೇಖಕರಿಗಲ್ಲ. ಹಳೆಯ ಪಾತ್ರಗಳನ್ನು ಹೊಸದಾಗಿ ಹೇಳುವ ಮಾತು ಬಂದಾಗ ನಮ್ಮಲ್ಲಿ ಪಂಪನನ್ನು ನೆನೆಯುವುದು ರೂಢಿ. ಆದರೆ ಪಂಪನಿಗೆ ಅರಿಕೇಸರಿ ಧರ್ಮಪುರದ ಅಗ್ರಹಾರವನ್ನು ಕೊಟ್ಟಿದ್ದ. ಈ ಲೇಖಕರಿಗೆ ದೊರೆಯುವುದು ಓದಿದವರ ಮಾತು ಮಾತ್ರ.

1967ರಲ್ಲಿ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಅಭಿಮಾನಿಗಳು ‘ಸ್ಪಾಕನೇಲಿಯಾ’ ಎಂಬ ಪುಟ್ಟ ಪತ್ರಿಕೆಯನ್ನು ಹೊರತಂದರು. ಅಂತಹ ಪತ್ರಿಕೆಗಳಿಗೆ ಓದುಗರು ಅಂಚೆಯಲ್ಲಿ ಬರೆಯುತ್ತಿದ್ದ ಉದ್ದುದ್ದದ ಪತ್ರಗಳು ಮುಂದಿನ ಸಂಚಿಕೆಗಳಲ್ಲಿ ಅಚ್ಚಾಗುತ್ತಿದ್ದವು. ಇಂದು ಆ ಕಥಾಭಂಡಾರದಲ್ಲಿ ‘ಕುಡೋಸ್’ ಎಂಬ ಗುಂಡಿಯನ್ನು ಒತ್ತಿದರೆ ಮೆಚ್ಚುಗೆ ತಲುಪುತ್ತದೆ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ, ತಾವು ಇದುವರೆಗೆ ಒತ್ತಿರದಿದ್ದರೆ ಈ ದಿನವೇ ಒತ್ತಿ. ಆದರೆ ಒಬ್ಬ ಓದುಗ ಒಂದು ಕಥೆಗೆ ಒಮ್ಮೆ ಮಾತ್ರ ಕುಡೋಸ್ ಕೊಡಬಹುದಾದ್ದರಿಂದ, ಮೊದಲ ಅಧ್ಯಾಯಕ್ಕೇ ನಿಲ್ಲಿಸಿದವರ ಮತ್ತು ಮೂವತ್ತು ಅಧ್ಯಾಯಗಳನ್ನು ನಿದ್ದೆಗೆಟ್ಟು ಓದಿದವರ ಮೆಚ್ಚುಗೆ ಲೇಖಕರ ಕಣ್ಣಿಗೆ ಒಂದೇ ಆಗಿ ಕಾಣುತ್ತದೆ.

ಏನು ಬರೆಯಬೇಕೆಂದು ಕೇಳಿದ್ದೀರಿ. ‘ಚೆನ್ನಾಗಿದೆ’ ಎಂಬುದು ಸಾಲದು ಎನ್ನಲಾರೆ. ಅದರ ಜೊತೆಗೆ ಯಾವುದು ಎಂಬುದನ್ನೂ ಸೇರಿಸಿ. ‘ಹರ್ಮಾಯ್ನಿ ಪುಸ್ತಕ ಮುಚ್ಚಿಟ್ಟು ಉತ್ತರ ಕೊಡದೆ ಎದ್ದುಹೋಗುವ ಕಡೆ ನಾನು ಓದು ನಿಲ್ಲಿಸಿ ಮತ್ತೆ ಹಿಂದಿನಿಂದ ಓದಿದೆ’ ಎಂಬಂತಹ ಒಂದು ವಾಕ್ಯ ಸಾಕು. ಮೂಲದಲ್ಲಿ ಸದಾ ಉತ್ತರ ಕೊಡುವ ಹುಡುಗಿ ಇಲ್ಲಿ ಸುಮ್ಮನಾದದ್ದು ಲೇಖಕರು ಯೋಚಿಸಿಯೇ ಮಾಡಿದ್ದು, ಮೂಲವನ್ನು ಚೆನ್ನಾಗಿ ಬಲ್ಲವರಿಗೆ ಮಾತ್ರ ಗೋಚರವಾಗುವಂಥದ್ದು. ಹೊರಗಿನ ವಿಮರ್ಶಕರು ಹೇಳಲಾರದ್ದನ್ನು ತಾವು ಹೇಳಬಲ್ಲಿರಿ: ಪಾತ್ರ ಮೂಲದ ದನಿಯಲ್ಲೇ ಮಾತಾಡಿತೇ, ದಾರಿ ಬದಲಿಸಿದ ಕಡೆ ಅದು ನಂಬುವಂತಿತ್ತೇ. ಇಂಗ್ಲಿಷಿನ ಬಗ್ಗೆ ಚಿಂತೆ ಬೇಡ. ಅಲ್ಲಿ ಇಂಗ್ಲಿಷಿನಲ್ಲಿ ಬರೆಯುವವರಲ್ಲಿ ಎಷ್ಟೋ ಜನರಿಗೆ ಅದು ತಾಯ್ನುಡಿಯಲ್ಲ. ಕ್ಷಮೆಯಾಚನೆಯಿಂದ ಮಾತ್ರ ಆರಂಭಿಸಬೇಡಿ, ಆಗ ಓದುಗರಾದ ತಮ್ಮನ್ನೇ ಲೇಖಕರು ಸಮಾಧಾನಪಡಿಸಬೇಕಾಗುತ್ತದೆ.

‘ಮುಂದಿನ ಭಾಗ ಯಾವಾಗ?’ ಎಂಬ ಒಂದೇ ಪ್ರಶ್ನೆ ಪ್ರೀತಿಯಿಂದಲೇ ಹುಟ್ಟುತ್ತದೆ. ಆದರೆ ಕೆಲಸ ಮುಗಿಸಿ ಬಂದು ರಾತ್ರಿ ಬರೆಯುವವರಿಗೆ, ಪರೀಕ್ಷೆಗೆ ಓದುತ್ತಾ ನಡುವೆ ಬರೆಯುವವರಿಗೆ ಅದು ಬಾಕಿ ವಸೂಲಿಯ ನೋಟೀಸಿನಂತೆ ತಲುಪುತ್ತದೆ.

ತಪ್ಪು ತೋರಿಸುವ ವಿಷಯದಲ್ಲಿ ಎರಡು ಅಭಿಪ್ರಾಯಗಳಿವೆ. ಎಲ್ಲರೆದುರು ಇಟ್ಟ ಬರಹ ಟೀಕೆಯನ್ನೂ ತಾಳಬೇಕೆಂಬುದು ಒಂದು. ನಮ್ಮ ಪತ್ರಿಕೆಯ ಪುಸ್ತಕ ವಿಮರ್ಶೆಗಳು ಇದನ್ನೇ ಅನುಸರಿಸುತ್ತವೆ. ಆದರೆ ನಾವು ವಿಮರ್ಶಿಸುವ ಪುಸ್ತಕಕ್ಕೆ ಬೆಲೆಯಿದೆ, ಹಿಂದೆ ಪ್ರಕಾಶಕರಿದ್ದಾರೆ. ಇಲ್ಲಿ ಅದೊಂದೂ ಇಲ್ಲವಾದ್ದರಿಂದ, ಲೇಖಕರು ಕಥೆಯ ಟಿಪ್ಪಣಿಯಲ್ಲಿ ಟೀಕೆಗೆ ಸ್ವಾಗತವೆಂದು ಬರೆದಿದ್ದರೆ ವಿವರವಾಗಿ ಹೇಳಿ, ಇಲ್ಲದಿದ್ದರೆ ಬೇಡ ಎಂಬುದು ನನ್ನ ನಿಲುವು. ತಿದ್ದುವ ಕಣ್ಣು ತಮಗಿದ್ದರೆ, ಪ್ರಕಟಣೆಗೆ ಮೊದಲೇ ಕರಡನ್ನು ಓದಿಕೊಡುವ ‘ಬೀಟಾ ರೀಡರ್’ ಆಗಲು ಮುಂದೆ ಬನ್ನಿ. ಅಂಥವರನ್ನು ಹುಡುಕುವ ಲೇಖಕರು ಬಹಳ ಮಂದಿ.

ಇನ್ನು ಅರ್ಧಕ್ಕೆ ನಿಂತ ಕಥೆ. ಖಂಡಿತ ಬರೆಯಿರಿ. ಕಥೆ ಎಷ್ಟೇ ಹಳೆಯದಾಗಿರಲಿ, ಓದುಗರ ಮಾತನ್ನು ಭಂಡಾರವು ಸಾಮಾನ್ಯವಾಗಿ ಲೇಖಕರ ಇಮೇಲಿಗೆ ಕಳಿಸುತ್ತದೆ. ಉಳಿದ ಭಾಗದ ಪ್ರಸ್ತಾಪ ಮಾಡದೆ, ಬರೆದಿರುವಷ್ಟರಲ್ಲಿ ತಮಗೆ ಹಿಡಿಸಿದ್ದನ್ನು ಹೇಳಿ. ಉತ್ತರ ಬಾರದೆಯೂ ಇರಬಹುದು.

— ಸಂಪಾದಕ