ಅಂತರರಾಷ್ಟ್ರೀಯ ಕೋರ್ಟಿನಲ್ಲಿ ಪ್ರಾಸಿಕ್ಯೂಷನ್ ತಂಡ ಮುನ್ನಡೆಸುವವರು ನಿಜವಾಗಿ ಏನು ಮಾಡುತ್ತಾರೆ?

ನಿಮ್ಮ ಪ್ರಶ್ನೆಯಲ್ಲಿ ಎರಡು ಭಾಗ ಇದೆ. ಹೇಗ್‌ನಂಥ ಕಡೆ ನಡೆಯುವ ನರಮೇಧ, ಯುದ್ಧಾಪರಾಧದ ಕೇಸುಗಳಲ್ಲಿ ಪ್ರಾಸಿಕ್ಯೂಷನ್ ತಂಡದ ಮುಖ್ಯಸ್ಥರ ಕೆಲಸ ಏನು, ವಾದದಲ್ಲಿ ಗಟ್ಟಿಗರಾದರೆ ಸಾಕಾ ಅನ್ನುವುದು ಒಂದು. ಸೋಮವಾರಪೇಟೆಯಲ್ಲಿದ್ದುಕೊಂಡು ಕಾನೂನು ಓದುತ್ತಿರುವ ನಿಮಗೆ ಅಲ್ಲಿಗೆ ದಾರಿ ಇದೆಯಾ ಅನ್ನುವುದು ಇನ್ನೊಂದು.

ನಾನು ಮಡಿಕೇರಿ, ವಿರಾಜಪೇಟೆ ಕೋರ್ಟುಗಳಲ್ಲಿ ಬಹಳ ಕಾಲ ಪಿಪಿ, ಅಂದರೆ ಸರ್ಕಾರದ ಪರ ಕ್ರಿಮಿನಲ್ ಕೇಸು ನಡೆಸುವ ಪಬ್ಲಿಕ್ ಪ್ರಾಸಿಕ್ಯೂಟರ್ ಆಗಿ ಸೆಷನ್ಸ್ ಕೇಸು ನಡೆಸಿದ್ದೇನೆ. ಅದಕ್ಕೂ ಮೊದಲು ಕೆಲವು ವರ್ಷ ಟಾಂಜಾನಿಯಾದ ಆರುಷಾದಲ್ಲಿದ್ದೆ. ರುವಾಂಡ ನರಮೇಧದ ವಿಚಾರಣೆಗೆ ವಿಶ್ವಸಂಸ್ಥೆ 1994ರಲ್ಲಿ ಸ್ಥಾಪಿಸಿದ ನ್ಯಾಯಮಂಡಳಿ ಅಲ್ಲಿತ್ತು, ಅದರ ಪ್ರಾಸಿಕ್ಯೂಷನ್ ಕಚೇರಿಯಲ್ಲಿ ಕೆಲಸ. ತಂಡ ಮುನ್ನಡೆಸಿದ್ದು ಬೇರೆಯವರು. ಅವರ ಪಕ್ಕ ಕೂತು ದಾಖಲೆ ಜೋಡಿಸುವುದು, ಸಾಕ್ಷಿಗಳ ಹೇಳಿಕೆ ತಾಳೆ ನೋಡುವುದು ನನ್ನ ಪಾಲಿಗಿತ್ತು.

ವಾದ ಆ ಕೆಲಸದಲ್ಲಿ ಚಿಕ್ಕ ಭಾಗ. ಏನನ್ನು ಕೋರ್ಟಿನ ಮುಂದೆ ತರಬಾರದು ಅಂತ ತೀರ್ಮಾನ ಮಾಡುವುದೇ ದೊಡ್ಡ ಭಾಗ.

ನಮ್ಮಲ್ಲಿ ಪೊಲೀಸರು ತನಿಖೆ ಮುಗಿಸಿ ಚಾರ್ಜ್‌ಶೀಟ್ ಹಾಕಿದ ಮೇಲೆ ಕಡತ ಪಿಪಿ ಕೈಗೆ ಬರುತ್ತದೆ. ಪಟ್ಟಿಯಲ್ಲಿ ಅರುವತ್ತು ಸಾಕ್ಷಿಗಳಿದ್ದರೆ ಬೇಕಾದವರನ್ನು ವಿಚಾರಿಸಿ ಉಳಿದವರನ್ನು ಗಿವ್ ಅಪ್ ಮಾಡುತ್ತೇವೆ. ಅಂತರರಾಷ್ಟ್ರೀಯ ಕೋರ್ಟುಗಳಲ್ಲಿ ತನಿಖೆ ಮಾಡುವವರೂ ಕೇಸು ನಡೆಸುವವರೂ ಒಂದೇ ಕಚೇರಿಯವರು. ಹಾಗಾಗಿ ಒಂದು ಇಡೀ ಯುದ್ಧದಲ್ಲಿ ಯಾವ ಊರಿನ ಘಟನೆ ತೆಗೆದುಕೊಳ್ಳಬೇಕು, ಯಾವ ಊರನ್ನು ಬಿಡಬೇಕು, ಯಾವ ಅಧಿಕಾರಿಯ ಮೇಲೆ ಕೇಸು ಹಾಕಬೇಕು, ಯಾರನ್ನು ಸಾಕ್ಷಿಯಾಗಿ ಉಳಿಸಿಕೊಳ್ಳಬೇಕು ಅನ್ನುವುದನ್ನು ಮೊದಲೇ ಯೋಚಿಸಬೇಕು. ಬಿಟ್ಟ ಊರಿನಲ್ಲೂ ಜನ ಸತ್ತಿರುತ್ತಾರೆ. ಅಲ್ಲಿನ ತಾಯಂದಿರು ತನಿಖಾಧಿಕಾರಿಯ ಹತ್ತಿರ ಗಂಟೆಗಟ್ಟಲೆ ಕೂತು ಹೇಳಿಕೆ ಕೊಟ್ಟಿರುತ್ತಾರೆ. ಅವರಿಗೆ ಏನಂತ ಹೇಳುವುದು? ಈ ಭಾರ ಹೊರುವ ಶಕ್ತಿ ಇಲ್ಲದವರು ಎಲ್ಲವನ್ನೂ ಸೇರಿಸುತ್ತಾ ಹೋಗುತ್ತಾರೆ, ಕೇಸು ಉಬ್ಬುತ್ತದೆ.

ಸೆರ್ಬಿಯಾದ ಮಾಜಿ ಅಧ್ಯಕ್ಷ ಮಿಲೊಸೆವಿಚ್ ಮೇಲೆ ಹೇಗ್‌ನಲ್ಲಿ ನಡೆದ ಕೇಸು ನೋಡಿ. 2002ರ ಫೆಬ್ರವರಿ 12ರಂದು ಶುರುವಾಯಿತು. ಕ್ರೊಯೇಷಿಯಾ, ಬೋಸ್ನಿಯಾ, ಕೊಸೊವೊ, ಮೂರೂ ಯುದ್ಧಗಳು ಒಂದೇ ವಿಚಾರಣೆಯಲ್ಲಿ, 66 ಆರೋಪ, ಪ್ರಾಸಿಕ್ಯೂಷನ್ ಕಡೆಯಿಂದಲೇ ಸುಮಾರು 300 ಸಾಕ್ಷಿಗಳು. ಆತ ವಕೀಲರನ್ನು ಒಪ್ಪದೆ ತಾನೇ ವಾದಿಸುತ್ತಿದ್ದ, ಆರೋಗ್ಯ ಕೆಟ್ಟಾಗಲೆಲ್ಲ ಕಲಾಪ ನಿಲ್ಲುತ್ತಿತ್ತು. ನಡುವೆ ಆ ಪೀಠದ ಮುಖ್ಯಸ್ಥರಾಗಿದ್ದ ನ್ಯಾಯಾಧೀಶ ರಿಚರ್ಡ್ ಮೇ ಅವರೇ ಕಾಯಿಲೆಯಿಂದ ಕೆಲಸ ಬಿಟ್ಟು, 2004ರಲ್ಲಿ ತೀರಿಕೊಂಡರು. 2006ರ ಮಾರ್ಚ್ 11ರಂದು ಮಿಲೊಸೆವಿಚ್ ಸೆರೆಯಲ್ಲೇ ಸತ್ತ. ತೀರ್ಪು ಬರಲೇ ಇಲ್ಲ. ತಂಡ ಮುನ್ನಡೆಸಿದ ಜೆಫ್ರಿ ನೈಸ್ ಸಮರ್ಥ ವಕೀಲರು, ಅದರಲ್ಲಿ ಅನುಮಾನವಿಲ್ಲ. ಆದರೆ ಕೊಸೊವೊ ಒಂದನ್ನೇ ಮೊದಲು ನಡೆಸಿದ್ದರೆ ಒಂದು ತೀರ್ಪಾದರೂ ಕೈಗೆ ಸಿಗುತ್ತಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇದರ ಪಕ್ಕದಲ್ಲಿ ಬೆಂಜಮಿನ್ ಫೆರೆಂಟ್ಸ್ ಅವರನ್ನು ಇಟ್ಟು ನೋಡಿ. 1947ರಲ್ಲಿ ನ್ಯೂರೆಂಬರ್ಗ್‌ನಲ್ಲಿ ನಾಜಿಗಳ ಕೊಲೆಗಡುಕ ದಳಗಳ ಮೇಲಿನ ಕೇಸಿಗೆ ಮುಖ್ಯ ಪ್ರಾಸಿಕ್ಯೂಟರ್ ಆದಾಗ ಅವರಿಗೆ 27 ವರ್ಷ, ಅದೇ ಅವರ ಮೊದಲ ಕೇಸು. ಆ ದಳಗಳಲ್ಲಿ ಸಾವಿರಾರು ಮಂದಿ ಇದ್ದರು. ಅವರು ಎರಡು ಡಜನ್ ಹಿರಿಯ ಅಧಿಕಾರಿಗಳನ್ನಷ್ಟೇ ಆರಿಸಿಕೊಂಡರು. ದಳಗಳು ಬರ್ಲಿನ್‌ಗೆ ಕಳಿಸಿದ್ದ ವರದಿಗಳಲ್ಲಿ ಯಾವ ಊರಲ್ಲಿ ಎಷ್ಟು ಜನರನ್ನು ಕೊಂದೆವು ಅಂತ ಲೆಕ್ಕವೇ ಇತ್ತು. ಆ ಕಾಗದಗಳನ್ನೇ ಓದಿ ಎರಡು ದಿನದಲ್ಲಿ ತನ್ನ ಕಡೆಯ ಸಾಕ್ಷ್ಯ ಮುಗಿಸಿದರು. ಕೊನೆಗೆ ತೀರ್ಪಿಗೆ ಉಳಿದ 22 ಮಂದಿಗೂ ಅಪರಾಧ ಸಾಬೀತಾಯಿತು.

ಆದರೆ ಅಷ್ಟು ಸಲೀಸಾದ ಕಾಗದ ಎಲ್ಲರಿಗೂ ಸಿಗುವುದಿಲ್ಲ. ಈ ಕೇಸುಗಳಲ್ಲಿ ಕೊಲೆ ನಡೆಯಿತು ಅಂತ ತೋರಿಸುವುದು ಅಷ್ಟೊಂದು ಕಷ್ಟವಲ್ಲ. ನೂರು ಮೈಲಿ ದೂರದ ಕಚೇರಿಯಲ್ಲಿ ಕೂತಿದ್ದ ಜನರಲ್‌ಗೂ ಹೆಣ ಹೂತ ಗುಂಡಿಗೂ ನಂಟು ತೋರಿಸುವುದು ಕಷ್ಟ. ಕೊಡಗಿನವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ, ಮನೆಗೊಬ್ಬರು ಸೈನ್ಯದಲ್ಲಿ ಇದ್ದು ಬಂದ ನಾಡು. ಯಾವ ನಿವೃತ್ತ ಸುಬೇದಾರರನ್ನು ಕೇಳಿದರೂ ಹೇಳುತ್ತಾರೆ, ಸೈನ್ಯದಲ್ಲಿ ಒಂದು ಲಾರಿ ಸುಮ್ನೆ ಹೊರಡುವುದಿಲ್ಲ, ಡೀಸೆಲ್‌ಗೆ ಯಾರೋ ಸಹಿ ಹಾಕಿರುತ್ತಾರೆ. ಬೋಸ್ನಿಯಾದ ಸ್ರೆಬ್ರೆನಿತ್ಸಾ ಕೇಸುಗಳು ನಿಂತಿದ್ದು ಇಂಥದ್ದರ ಮೇಲೆ. 1995ರ ಜುಲೈನಲ್ಲಿ ಬೋಸ್ನಿಯಾದ ಸೆರ್ಬ್ ಸೈನ್ಯದವರು ಅಲ್ಲಿ 7,000ಕ್ಕೂ ಹೆಚ್ಚು ಮುಸ್ಲಿಂ ಗಂಡಸರನ್ನು, ಹುಡುಗರನ್ನು ಕೊಂದು ಹೂತರು, ಆಮೇಲೆ ಗುರುತು ಸಿಗದಿರಲಿ ಅಂತ ಯಂತ್ರ ತಂದು ಹೆಣಗಳನ್ನು ತೆಗೆದು ಬೇರೆ ಕಡೆ ಹೂತರು. ತನಿಖಾ ತಂಡ ಆ ಸೈನ್ಯದ ಜ್ವೊರ್ನಿಕ್ ಬ್ರಿಗೇಡಿನ ವಾಹನಗಳ ದಾಖಲೆ, ಡ್ಯೂಟಿ ಅಧಿಕಾರಿಯ ನೋಟ್‌ಬುಕ್, ಮಣ್ಣು ಅಗೆಯುವ ಯಂತ್ರ ಯಾವ ದಿನ ಎಲ್ಲಿ ಕೆಲಸ ಮಾಡಿತು ಅನ್ನುವ ಪುಸ್ತಕ, ಕದ್ದು ಕೇಳಿದ ರೇಡಿಯೋ ಮಾತು, ಆಕಾಶದಿಂದ ತೆಗೆದ ಚಿತ್ರ, ಎರಡೂ ಗುಂಡಿಗಳ ಮಣ್ಣು ಮತ್ತು ಕಣ್ಣಿಗೆ ಕಟ್ಟಿದ್ದ ಬಟ್ಟೆ, ಇಷ್ಟನ್ನೂ ಒಂದಕ್ಕೊಂದು ಕೂಡಿಸಿತು. ಸೈನ್ಯದ ಅಧಿಕಾರಸರಣಿ ಬಿಡಿಸಿ ಹೇಳಲು ಮಿಲಿಟರಿ ವಿಶ್ಲೇಷಕರೇ ತಂಡದಲ್ಲಿದ್ದರು.

ಇಷ್ಟಾದರೂ ಆ ಸೈನ್ಯದ ಜನರಲ್ ಕ್ರಿಸ್ತಿಚ್‌ಗೆ 2001ರಲ್ಲಿ ಆದ 46 ವರ್ಷದ ಶಿಕ್ಷೆ 2004ರ ಮೇಲ್ಮನವಿಯಲ್ಲಿ 35ಕ್ಕೆ ಇಳಿಯಿತು. ಕೊಲೆ ನಡೆಯುತ್ತಿದೆ ಅಂತ ಅವನಿಗೆ ಗೊತ್ತಿತ್ತು, ತನ್ನ ಕೈಕೆಳಗಿನ ಜನ, ಸಾಮಗ್ರಿ ಬಳಸಲು ಬಿಟ್ಟ, ಆದರೆ ಆ ಜನಾಂಗವನ್ನು ನಾಶ ಮಾಡುವ ಉದ್ದೇಶ ಅವನದೇ ಆಗಿತ್ತು ಅಂತ ಸಾಬೀತಾಗಲಿಲ್ಲ ಅಂದಿತು ಮೇಲ್ಮನವಿ ಪೀಠ. ತಿಳಿದಿದ್ದು ಬೇರೆ, ಬಯಸಿದ್ದು ಬೇರೆ. ಮುಖ್ಯಸ್ಥರು ಪ್ರತಿ ವಾರ ತಂಡವನ್ನು ಕೂರಿಸಿಕೊಂಡು ಕೇಳಬೇಕಾದ ಪ್ರಶ್ನೆ ಇದು: ನಮ್ಮ ಹತ್ತಿರ ಇರುವ ಪುರಾವೆ ಇವೆರಡರಲ್ಲಿ ಯಾವುದಕ್ಕೆ?

ಇನ್ನು ಸಾಕ್ಷಿಗಳು. ಆರುಷಾಕ್ಕೆ ಬರುತ್ತಿದ್ದ ಬಹಳ ಮಂದಿ ಬೆಟ್ಟಗುಡ್ಡದ ರೈತರು. ತಾರೀಕು ಕೇಳಿದರೆ ಹೇಳಲು ಬರುವುದಿಲ್ಲ, ದೂರವನ್ನು ಮೀಟರಿನಲ್ಲಿ ಹೇಳುವುದಿಲ್ಲ, ನಕ್ಷೆ ತೋರಿಸಿದರೆ ಗೊತ್ತಾಗುವುದಿಲ್ಲ. ಎದುರಿನ ವಕೀಲರು ಅದನ್ನೇ ಹಿಡಿದು ಸುಳ್ಳು ಸಾಕ್ಷಿ ಅನ್ನುತ್ತಿದ್ದರು. ನಮ್ಮಲ್ಲಿ ಅಜ್ಜಿ ಒಬ್ಬರು ಕಟಕಟೆಯಲ್ಲಿ ನಿಂತು ಕೈಲ್ ಪೊಳ್ದ್ ಹಬ್ಬ ಕಳೆದು ಸ್ವಲ್ಪ ದಿನಕ್ಕೆ, ಪುತ್ತರಿ ಹಬ್ಬಕ್ಕೆ ಮೊದಲು ಅಂತ ಹೇಳಿದರೆ ಅದು ಸುಳ್ಳಾಗುತ್ತದಾ? ಆರುಷಾದ ನ್ಯಾಯಮಂಡಳಿ ಕೊಟ್ಟ ಅಕಾಯೆಸು ತೀರ್ಪಿನಲ್ಲಿ ನ್ಯಾಯಾಧೀಶರು ಇದನ್ನು ಬಿಡಿಸಿ ಬರೆದಿದ್ದಾರೆ. ಜೊತೆಗೆ ಭಾಷೆ. ಸಾಕ್ಷಿಯ ಕಿನ್ಯರುವಾಂಡ ಮಾತು ಫ್ರೆಂಚಿಗೆ, ಫ್ರೆಂಚಿನಿಂದ ಇಂಗ್ಲಿಷಿಗೆ. ತಮ್ಮದೇ ಭಾಷೆ ಆಡುವ ಯರವ ಬುಡಕಟ್ಟಿನ ಸಾಕ್ಷಿಯನ್ನು ಕನ್ನಡದಲ್ಲಿ ವಿಚಾರಿಸಿದವರಿಗೆ ಈ ಪಾಡು ಗೊತ್ತು. ಒಂದು ಪ್ರಶ್ನೆಯಲ್ಲಿ ಒಂದೇ ಸಂಗತಿ ಕೇಳುವ ಅಭ್ಯಾಸ ಇಲ್ಲದಿದ್ದರೆ ಕೇಸು ಅಲ್ಲೇ ಕೆಡುತ್ತದೆ.

ಅಕಾಯೆಸು ರುವಾಂಡದ ಟಾಬಾ ಅನ್ನುವ ಕಡೆಯ ಸ್ಥಳೀಯ ಆಡಳಿತದ ಮುಖ್ಯಸ್ಥ. 1997ರ ಆರಂಭದಲ್ಲಿ ವಿಚಾರಣೆ ಶುರುವಾದಾಗ ಆರೋಪಪಟ್ಟಿಯಲ್ಲಿ ಅತ್ಯಾಚಾರ ಇರಲೇ ಇಲ್ಲ. ಜೆ ಅನ್ನುವ ಗುಪ್ತ ಹೆಸರಿನ ಸಾಕ್ಷಿ ಬೇರೆ ವಿಷಯ ಹೇಳುತ್ತಾ ತನ್ನ ಆರು ವರ್ಷದ ಮಗಳ ಮೇಲೆ ಆದದ್ದನ್ನು ಹೇಳಿದಳು. ಪೀಠದಲ್ಲಿದ್ದ ನವನೀತಮ್ ಪಿಳ್ಳೈ ಮುಂತಾದವರು ಮತ್ತೆ ಪ್ರಶ್ನೆ ಕೇಳಿದರು. ಆಗ ಪಿಯರ್ ರಿಚರ್ಡ್ ಪ್ರಾಸ್ಪರ್ ಅವರಿದ್ದ ಪ್ರಾಸಿಕ್ಯೂಷನ್ ತಂಡ ಮತ್ತೆ ತನಿಖೆಗೆ ಇಳಿದು, ಜೂನ್‌ನಲ್ಲಿ ಆರೋಪಪಟ್ಟಿ ತಿದ್ದಿತು. 1998ರ ಸೆಪ್ಟೆಂಬರ್ 2ರಂದು ಬಂದ ತೀರ್ಪು ಅಂತರರಾಷ್ಟ್ರೀಯ ಕೋರ್ಟೊಂದು ನರಮೇಧದ ಅಪರಾಧ ಸಾಬೀತಾಗಿದೆ ಅಂದ ಮೊದಲ ತೀರ್ಪು, ಅತ್ಯಾಚಾರವೂ ನರಮೇಧದ ಭಾಗವಾಗಬಹುದು ಅಂತ ಅದರಲ್ಲೇ ಮೊದಲ ಸಲ ಬಂತು. ಕೇಸು ಅರ್ಧ ನಡೆದ ಮೇಲೆ ಆರೋಪ ಬದಲಿಸಲು ಕೇಳುವುದು ಯಾವ ಪ್ರಾಸಿಕ್ಯೂಟರ್‌ಗೂ ಹಿತವಲ್ಲ, ನಿಮ್ಮ ತನಿಖೆಯಲ್ಲಿ ಇದು ಯಾಕೆ ಸಿಗಲಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ಆದರೂ ಕೇಳಿದರು. ಏನು ಬಿಡಬೇಕು ಅಂತ ಮೊದಲೇ ತೀರ್ಮಾನ ಮಾಡಿಟ್ಟುಕೊಂಡವರಿಗೂ, ಬಿಟ್ಟದ್ದನ್ನು ಮತ್ತೆ ಎತ್ತಿಕೊಳ್ಳುವ ಮನಸ್ಸು ಬೇಕು.

ಸಾಕ್ಷಿಯನ್ನು ಕರೆತಂದವರು ಯಾರು ಅನ್ನುವುದೂ ಅಷ್ಟೇ ಮುಖ್ಯ. ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟಿನ ಮೊದಲ ವಿಚಾರಣೆ ಕಾಂಗೋದ ಥಾಮಸ್ ಲುಬಂಗಾ ಮೇಲೆ, ಮಕ್ಕಳನ್ನು ಯುದ್ಧಕ್ಕೆ ಬಳಸಿದ ಕೇಸು. ಊರಿನೊಳಗೆ ಹೋಗುವುದು ಅಪಾಯ ಅಂತ ತನಿಖಾಧಿಕಾರಿಗಳು ಸ್ಥಳೀಯ ಮಧ್ಯವರ್ತಿಗಳ ಮೂಲಕ ಸಾಕ್ಷಿಗಳನ್ನು ಹುಡುಕಿಸಿದರು. ಆಮೇಲೆ ಕೆಲವು ಮಧ್ಯವರ್ತಿಗಳು ಸಾಕ್ಷಿಗಳಿಗೆ ಹೇಳಿಕೊಟ್ಟಿರಬಹುದು ಅನ್ನುವ ಅನುಮಾನ ಬಂತು. ಒಬ್ಬ ಮಧ್ಯವರ್ತಿಯ ಗುರುತು ಎದುರು ಪಕ್ಷಕ್ಕೆ ತಿಳಿಸಿ ಅಂದ ಆದೇಶವನ್ನು ಪ್ರಾಸಿಕ್ಯೂಷನ್ ಪಾಲಿಸದೆ 2010ರಲ್ಲಿ ವಿಚಾರಣೆಗೇ ತಡೆ ಬಿತ್ತು. ಅದಕ್ಕೂ ಮೊದಲು 2008ರಲ್ಲಿ, ಆರೋಪಿಗೆ ಅನುಕೂಲವಾಗಬಹುದಾದ ಗುಪ್ತ ದಾಖಲೆ ಕೊಡದ ಕಾರಣಕ್ಕೆ ಒಮ್ಮೆ ನಿಂತಿತ್ತು. 2012ರ ಮಾರ್ಚ್ 14ರಂದು ಅಪರಾಧವೇನೋ ಸಾಬೀತಾಯಿತು, ಆದರೆ ಬಾಲಸೈನಿಕರಾಗಿದ್ದೆವು ಅಂತ ಬಂದ ಸಾಕ್ಷಿಗಳ ಮಾತನ್ನು ಕೋರ್ಟು ಹೆಚ್ಚುಕಡಿಮೆ ಪೂರ್ತಿ ಪಕ್ಕಕ್ಕಿಟ್ಟಿತು. ವಿಡಿಯೋಗಳು ಕೇಸನ್ನು ಉಳಿಸಿದವು. ನಮ್ಮ ತೋಟದ ಕೇಸುಗಳಲ್ಲಿ ಲೈನ್‌ಮನೆಯ ಕೆಲಸಗಾರರನ್ನು ಮೇಸ್ತ್ರಿ ಜೀಪಿನಲ್ಲಿ ಕರೆತಂದು ಕೋರ್ಟಿನ ಬಾಗಿಲಲ್ಲಿ ಇಳಿಸುತ್ತಾನಲ್ಲ, ದಾರಿಯಲ್ಲಿ ಏನು ಮಾತಾಡಿದಿರಿ ಅಂತ ಕೇಳದೆ ನಾನು ಯಾರನ್ನೂ ಕಟಕಟೆಗೆ ಹತ್ತಿಸುತ್ತಿರಲಿಲ್ಲ.

ಈ ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟನ್ನು ಸ್ಥಾಪಿಸಿದ ರೋಮ್ ಒಪ್ಪಂದದ 54ನೇ ವಿಧಿ ಪ್ರಕಾರ ಪ್ರಾಸಿಕ್ಯೂಟರ್ ಆರೋಪಿಯ ವಿರುದ್ಧದ ಪುರಾವೆಯಷ್ಟೇ ಶ್ರದ್ಧೆಯಿಂದ ಅವನ ಪರವಾದ ಪುರಾವೆಯನ್ನೂ ಹುಡುಕಬೇಕು. ಇದನ್ನು ತಂಡ ಮನಸ್ಸಿಗೆ ತಂದುಕೊಳ್ಳುವ ಹಾಗೆ ಮಾಡುವುದು ಮುಖ್ಯಸ್ಥರ ಹೊಣೆ. ದಿನವೂ ಗುಂಡಿಗಳ ಫೋಟೋ ನೋಡುತ್ತಿರುವ ಯುವ ವಕೀಲರಿಗೆ ಆರೋಪಿಯ ಪರವಾದ ಕಾಗದ ಹುಡುಕು ಅಂತ ಹೇಳುವುದು ಸುಲಭವಲ್ಲ. ಹೇಳಲೇಬೇಕು. ಕೆನ್ಯಾದ ಆಗಿನ ಅಧ್ಯಕ್ಷ ಕೆನ್ಯಾಟಾ ಮೇಲಿನ ಆರೋಪವನ್ನು ಸಾಕ್ಷ್ಯ ಸಾಲದೆ 2014ರ ಡಿಸೆಂಬರ್‌ನಲ್ಲಿ ಹಿಂತೆಗೆದುಕೊಂಡರು. ಐವರಿ ಕೋಸ್ಟ್‌ನ ಮಾಜಿ ಅಧ್ಯಕ್ಷ ಗ್ಬಾಗ್ಬೊ ಕೇಸಿನಲ್ಲಿ 82 ಸಾಕ್ಷಿಗಳನ್ನು ಕರೆದ ಮೇಲೂ, ಎದುರು ಪಕ್ಷ ತನ್ನ ಸಾಕ್ಷ್ಯ ಶುರು ಮಾಡುವ ಮೊದಲೇ, 2019ರ ಜನವರಿಯಲ್ಲಿ ಖುಲಾಸೆಯಾಯಿತು. ಸಾಬೀತು ಮಾಡಲಾಗದ ಕೇಸನ್ನು ಬೇಗ ಕೈಬಿಡುವುದೇ ಸರಿ ಅಂತ ನಾನು ನಂಬುತ್ತೇನೆ, ಯಾಕೆಂದರೆ ಸಾಕ್ಷಿ ಹೇಳಿದವರು ಮರಳಿ ಅದೇ ಊರಿನಲ್ಲಿ ಬದುಕಬೇಕು.

ತಂಡದೊಳಗಿನ ಜಗಳಗಳೂ ಇವೆ. ಇಂಗ್ಲಿಷ್ ಪದ್ಧತಿಯಲ್ಲಿ ಬೆಳೆದವರು ಸಾಕ್ಷಿಯನ್ನು ಮೊದಲೇ ಕೂರಿಸಿ ಹೇಳಿಕೆ ಓದಿ ತಯಾರು ಮಾಡುತ್ತಾರೆ, ಫ್ರೆಂಚ್ ಪದ್ಧತಿಯವರಿಗೆ ಅದು ತಪ್ಪು ಅನಿಸುತ್ತದೆ. ಆರುಷಾದಲ್ಲಿ ಅದಕ್ಕೆ ಅವಕಾಶ ಇತ್ತು, ಲುಬಂಗಾ ಕೇಸಿನಲ್ಲಿ ಬೇಡ ಅಂದರು.

ಇನ್ನು ದಾರಿ. ಭಾರತ ರೋಮ್ ಒಪ್ಪಂದಕ್ಕೆ ಸೇರಿಲ್ಲ. ನೇಮಕದಲ್ಲಿ ಸೇರಿದ ದೇಶಗಳವರಿಗೆ ಆದ್ಯತೆ ಇದೆ, ಹಾಗಾಗಿ ನಮಗೆ ದಾರಿ ಕಷ್ಟ. 1946ರಿಂದ 1948ರವರೆಗೆ ನಡೆದ, ಜಪಾನಿನ ಯುದ್ಧಾಪರಾಧಗಳ ಟೋಕಿಯೋ ವಿಚಾರಣೆ ಅಂದರೆ ಎಲ್ಲರೂ ನ್ಯಾಯಾಧೀಶ ರಾಧಾಬಿನೋದ್ ಪಾಲ್ ಹೆಸರು ಹೇಳುತ್ತಾರೆ. ಅಲ್ಲಿ ಪ್ರಾಸಿಕ್ಯೂಷನ್ ಕಡೆ ಭಾರತದಿಂದ ಪಿ. ಗೋವಿಂದ ಮೆನನ್ ಇದ್ದರು, ಆಮೇಲೆ ಸುಪ್ರೀಂ ಕೋರ್ಟ್ ನ್ಯಾಯಾಧೀಶರಾದರು. ಈ ಕಾನೂನು ನಮ್ಮ ದೇಶದೊಳಗೂ ಬೇಕಾಗಿದೆ. ನರಮೇಧ, ಮಾನವತೆಯ ಮೇಲಿನ ಅಪರಾಧ ನಮ್ಮ ಕಾನೂನಿನಲ್ಲಿ ಪ್ರತ್ಯೇಕವಾಗಿ ಇಲ್ಲ ಅಂತ 2018ರಲ್ಲಿ ದೆಹಲಿ ಹೈಕೋರ್ಟ್, 1984ರ ಸಿಖ್ ವಿರೋಧಿ ಗಲಭೆಯ ಸಜ್ಜನ್ ಕುಮಾರ್ ತೀರ್ಪಿನಲ್ಲಿ ಹೇಳಿತು. ಓದಿ.

ತಂಡ ಮುನ್ನಡೆಸುವ ಹುದ್ದೆಗೆ ಕನಿಷ್ಠ ಹತ್ತು ವರ್ಷದ ಅನುಭವ ಕೇಳುತ್ತಾರೆ. ಅದನ್ನು ನೀವು ಇಲ್ಲೇ ಗಳಿಸಬಹುದು. ಎಪಿಪಿ (ಸಹಾಯಕ ಪಬ್ಲಿಕ್ ಪ್ರಾಸಿಕ್ಯೂಟರ್) ಪರೀಕ್ಷೆ ಬರೆಯಿರಿ, ಇಲ್ಲವೇ ಸೆಷನ್ಸ್ ಕೇಸು ಜಾಸ್ತಿ ಇರುವ ಹಿರಿಯರ ಆಫೀಸಿಗೆ ಸೇರಿ. ಮಹಜರು, ಪೋಸ್ಟ್‌ಮಾರ್ಟಂ ವರದಿ, ಫೋನ್ ದಾಖಲೆ ಓದಿ ಓದಿ ಕೈಗೆ ಹತ್ತಬೇಕು. ಫ್ರೆಂಚ್ ಈಗಲೇ ಶುರು ಮಾಡಿ, ಇಂಗ್ಲಿಷ್ ಜೊತೆ ಆ ಕೋರ್ಟಿನ ಕೆಲಸದ ಭಾಷೆ ಅದು. ತೀರ್ಪುಗಳೆಲ್ಲ ಉಚಿತವಾಗಿ ಸಿಗುತ್ತವೆ. ಅಕಾಯೆಸುವಿನಿಂದ ಶುರು ಮಾಡಿ, ಆಮೇಲೆ ಕ್ರಿಸ್ತಿಚ್, ಆಮೇಲೆ ಲುಬಂಗಾ. ಲುಬಂಗಾದಲ್ಲಿ ಮಧ್ಯವರ್ತಿಗಳ ಭಾಗ ಉದ್ದ ಇದೆ ಅಂತ ದಾಟಿಸಬೇಡಿ. ಓದಿದ ಮೇಲೆ ಎಲ್ಲಿ ಸಿಕ್ಕಿಕೊಂಡಿರಿ ಅಂತ ಇಲ್ಲೇ ಕೆಳಗೆ ಬರೆಯಿರಿ, ಉತ್ತರ ಕೊಡುತ್ತೇನೆ.