ಲೈಟ್ ಹಾಕಿದರೆ ಆಯಿಲ್ ಪ್ರೆಶರ್ ಬೀಳುತ್ತದೆಯೇ? ಗೇಜ್ ಬದಲಿಸುವ ಮೊದಲು ಅರ್ಥಿಂಗ್ ನೋಡಿ

ನಿಮ್ಮ ಪ್ರಶ್ನೆ ಓದಿದೆ. ನೀವೇ ಕಟ್ಟಿದ ಎರಡು ಸೀಟಿನ ವಿಮಾನ, ಲೈಕಮಿಂಗ್ ಒ-320 ಎಂಜಿನ್, ಬೆಲ್ಟ್‌ನಿಂದ ತಿರುಗುವ ಆಲ್ಟರ್ನೇಟರ್. ಹಾರುವಾಗ ಲ್ಯಾಂಡಿಂಗ್ ಲೈಟ್ ಹಾಕಿದರೆ ಆಯಿಲ್ ಪ್ರೆಶರ್ ಮುಳ್ಳು ಕೆಳಗಿಳಿಯುತ್ತದೆ, ಆಯಿಲ್ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಲೈಟ್ ಆರಿಸಿದರೆ ಎರಡೂ ಸರಿಹೋಗುತ್ತವೆ. ಪ್ರೆಶರ್ ಸೆಂಡರ್ (ಎಂಜಿನ್ ಮೇಲೆ ಕೂತು ಒತ್ತಡವನ್ನು ಗೇಜಿಗೆ ತಿಳಿಸುವ ಸೆನ್ಸರ್) ಹೊಸದು ಹಾಕಿದರೂ ಅದೇ ಕತೆ. ಈಗ ಗೇಜನ್ನೇ ಬದಲಿಸಲಾ ಎಂದು ಕೇಳಿದ್ದೀರಿ.

ಬೇಡ. ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಸಂಪಿನಲ್ಲಿ, ಅಂದರೆ ಎಂಜಿನ್ ಕೆಳಗಿನ ಆಯಿಲ್ ತೊಟ್ಟಿಯಲ್ಲಿ, ಐದಾರು ಲೀಟರ್ ಆಯಿಲ್ ಇರುತ್ತದೆ. ಅದು ಒಂದು ಸೆಕೆಂಡಿನಲ್ಲಿ ಹತ್ತು ಡಿಗ್ರಿ ಬಿಸಿಯಾಗಿ, ಸ್ವಿಚ್ ಆರಿಸಿದ ಕೂಡಲೇ ತಣ್ಣಗಾಗುವುದು ಸಾಧ್ಯವೇ ಇಲ್ಲ. ಟೆಂಪರೇಚರ್ ಮುಳ್ಳು ಥಟ್ಟನೆ ಹಾರಿದರೆ ಅದು ಕರೆಂಟಿನ ಆಟ. ನಿಜವಾಗಿ ಆಯಿಲ್ ಕಾಯುತ್ತಿದ್ದರೆ ಮುಳ್ಳು ನಿಧಾನವಾಗಿ, ನಿಮಿಷಗಟ್ಟಲೆ ಏರುತ್ತದೆ.

ಆದರೂ ಒಂದು ಮಾತು. ಪ್ರೆಶರ್ ನಿಜವಾಗಿ ಸರಿಯಿದೆ ಎಂದು ಖಾತ್ರಿಯಾಗುವ ತನಕ ಹಾರಬೇಡಿ. ಸೆಂಡರ್ ಬಿಚ್ಚಿ, ಆ ಜಾಗಕ್ಕೆ ಕರೆಂಟೇ ಬೇಡದ ನೇರ ಮೆಕ್ಯಾನಿಕಲ್ ಗೇಜ್ ಹಾಕಿ ನೆಲದ ಮೇಲೆ ಎಂಜಿನ್ ಓಡಿಸಿ. ಬಿಸಿ ಎಂಜಿನ್ ಐಡಲ್‌ನಲ್ಲಿ ಕನಿಷ್ಠ 25 ಪಿಎಸ್‌ಐ (ಒತ್ತಡದ ಅಳತೆ) ತೋರಿಸಬೇಕು. ಆರ್‌ಪಿಎಂ ಏರಿಸಿದಾಗ ನಿಮ್ಮ ಎಂಜಿನ್ ಕೈಪಿಡಿ ಹೇಳುವ ಸಾಮಾನ್ಯ ಮಿತಿಯೊಳಗೆ ಬಂದು ಅಲ್ಲಾಡದೆ ನಿಲ್ಲಬೇಕು. ಪರೀಕ್ಷೆಗೆ ಆಯಿಲ್ ತಡೆಯುವ ಗಟ್ಟಿ ಹೋಸ್ ಮತ್ತು ಕಿರಿದಾದ ರಂಧ್ರದ ಫಿಟಿಂಗ್ ಬಳಸಿ. ಹೋಸ್ ಕಿತ್ತುಹೋದರೂ ಆಯಿಲ್ ಒಮ್ಮೆಗೇ ಚೆಲ್ಲುವುದಿಲ್ಲ.

ಈಗ ಮುಳ್ಳುಗಳು ಹೀಗೆ ಯಾಕೆ ಆಡುತ್ತವೆ ಅಂತ ನೋಡೋಣ. ಸೆಂಡರ್‌ಗೆ ಒಂದೇ ತಂತಿ ಇದೆ ಎಂದಿದ್ದೀರಿ. ಅಂದರೆ ಅದಕ್ಕೆ ಅರ್ಥ್ ಸಿಗುವುದು ತನ್ನ ಥ್ರೆಡ್ ಮೂಲಕ, ಎಂಜಿನ್ ಬಾಡಿಯಿಂದ. ಗೇಜಿನ ಅರ್ಥ್ ಇರುವುದು ಪ್ಯಾನೆಲ್ ಕಡೆ, ವಿಮಾನದ ಬಾಡಿಯಲ್ಲಿ. ನಡುವೆ ಎಂಜಿನ್ ರಬ್ಬರ್ ಮೌಂಟ್‌ಗಳ ಮೇಲೆ ಕೂತಿದೆ. ಈ ಎರಡನ್ನೂ ಸೇರಿಸುವುದು ಒಂದು ಹೆಣೆದ ತಾಮ್ರದ ಪಟ್ಟಿ ಮಾತ್ರ. ಆಲ್ಟರ್ನೇಟರ್ ಎಂಜಿನ್ ಮೇಲೇ ಇರುವುದರಿಂದ ಲೈಟಿಗೆ ಹೋದ ಕರೆಂಟ್ ಆ ಪಟ್ಟಿಯ ಮೂಲಕವೇ ವಾಪಸ್ ಬರಬೇಕು. 100 ವ್ಯಾಟ್ ಲೈಟ್ ಅಂದರೆ ಸುಮಾರು 7 ಆಂಪಿಯರ್. ಪಟ್ಟಿಯ ಜಾಯಿಂಟಿನಲ್ಲಿ 0.05 ಓಮ್ ತಡೆ ಇದ್ದರೂ 0.35 ವೋಲ್ಟ್ ಅಲ್ಲೇ ಉಳಿಯುತ್ತದೆ. ಎಂಜಿನ್ ಬಾಡಿ ವಿಮಾನದ ಬಾಡಿಗಿಂತ ಅಷ್ಟು ವೋಲ್ಟ್ ಕೆಳಗಿಳಿಯುತ್ತದೆ. ಸೆಂಡರ್‌ನ ರೆಸಿಸ್ಟೆನ್ಸ್ ಕಮ್ಮಿಯಾಯಿತು ಎಂದು ಗೇಜ್ ತಿಳಿಯುತ್ತದೆ.

ನಿಮ್ಮಲ್ಲಿರುವ ವಿಡಿಒ (ಗೇಜ್, ಸೆಂಡರ್ ಮಾಡುವ ಕಂಪನಿ) ಮಾದರಿಯ ಪ್ರೆಶರ್ ಸೆಂಡರ್ ಸೊನ್ನೆ ಒತ್ತಡದಲ್ಲಿ 10 ಓಮ್, ತುದಿಯಲ್ಲಿ ಸುಮಾರು 180 ಓಮ್ ತೋರಿಸುತ್ತದೆ. ಓಮ್ ಕಮ್ಮಿಯಾದರೆ ಪ್ರೆಶರ್ ಕಮ್ಮಿ. ಟೆಂಪರೇಚರ್ ಸೆಂಡರ್ ತದ್ವಿರುದ್ಧ, ಬಿಸಿಯಾದಷ್ಟೂ ಅದರ ಓಮ್ ಇಳಿಯುತ್ತದೆ. ಹಾಗಾಗಿ ಒಂದೇ ತಪ್ಪಿಗೆ ಒಂದು ಮುಳ್ಳು ಕೆಳಗೆ, ಇನ್ನೊಂದು ಮೇಲೆ. ನೀವು ಬರೆದದ್ದು ಇದಕ್ಕೆ ತಾಳೆಯಾಗುತ್ತದೆ, ಅಲ್ವಾ?

ಅರ್ಥ್ ಹುಡುಕುವ ಮೊದಲ ಪರೀಕ್ಷೆಗೆ ಸ್ಪ್ಯಾನರ್ ಕೂಡ ಬೇಡ. ಮೆಕ್ಯಾನಿಕಲ್ ಗೇಜ್ ಹಾಕಿ ನೆಲದ ಮೇಲೆ ಎಂಜಿನ್ ಓಡಿಸುವ ಆ ಗ್ರೌಂಡ್ ರನ್ ಮುಗಿಸಿ ಎಂಜಿನ್ ಆರಿಸಿ, ಆಯಿಲ್ ಇನ್ನೂ ಬಿಸಿ ಇರುವಾಗಲೇ ಮಾಸ್ಟರ್ ಆನ್ ಮಾಡಿ ಲ್ಯಾಂಡಿಂಗ್ ಲೈಟ್ ಹಾಕಿ. ಬ್ಯಾಟರಿಯ ನೆಗೆಟಿವ್ ವಿಮಾನದ ಬಾಡಿಗೆ ಕಟ್ಟಿದ್ದರೆ ಈಗ ಲೈಟಿನ ಕರೆಂಟ್ ಆ ಪಟ್ಟಿಯಲ್ಲಿ ಹರಿಯುವುದಿಲ್ಲ. ಟೆಂಪರೇಚರ್ ಮುಳ್ಳು ಅಲ್ಲಾಡದೆ ನಿಂತರೆ ಪಟ್ಟಿಯ ಮೇಲೆ ಅನುಮಾನ. ಈಗಲೂ ಮುಳ್ಳು ಜಿಗಿದರೆ ತಪ್ಪು ಪ್ಯಾನೆಲ್ ಹಿಂದಿನ ಅರ್ಥ್ ತಂತಿಯಲ್ಲಿದೆ, ಬಹುಶಃ ಲೈಟ್ ಮತ್ತು ಗೇಜ್ ಒಂದೇ ಸಣ್ಣ ತಂತಿ ಹಂಚಿಕೊಂಡಿವೆ. ಬ್ಯಾಟರಿ ನೆಗೆಟಿವ್ ನೇರ ಎಂಜಿನ್‌ಗೇ ಹೋಗಿದ್ದರೆ ಈ ಪರೀಕ್ಷೆ ಏನೂ ಹೇಳುವುದಿಲ್ಲ, ಮುಂದಿನದನ್ನು ಮಾಡಿ.

ಮಲ್ಟಿಮೀಟರ್‌ನಲ್ಲಿ ಪಟ್ಟಿಯ ಓಮ್ ಅಳೆಯಲು ಹೋಗಬೇಡಿ. ಮೀಟರಿನ ತಂತಿಗಳ ಓಮೇ ಅದಕ್ಕಿಂತ ಜಾಸ್ತಿ. ಕರೆಂಟ್ ಹರಿಯುವಾಗ ವೋಲ್ಟ್ ಅಳೆಯಿರಿ. ಒಂದು ತುದಿ ಎಂಜಿನ್ ಕೇಸಿನ ಬಣ್ಣವಿಲ್ಲದ ಲೋಹಕ್ಕೆ, ಇನ್ನೊಂದು ಗೇಜಿನ ಅರ್ಥ್ ಬೋಲ್ಟಿಗೆ. ಎಂಜಿನ್ ನಿಂತಿರುವಾಗಲೇ ಉದ್ದ ತಂತಿಗಳನ್ನು ಕಟ್ಟಿ, ಎಕ್ಸಾಸ್ಟ್ ಮತ್ತು ಪ್ರೊಪೆಲರ್‌ನಿಂದ ದೂರ ಬಿಗಿದು, ಕಾಕ್‌ಪಿಟ್‌ಗೆ ತನ್ನಿ. ಚಕ್ರಕ್ಕೆ ಚೋಕ್ ಇಡಿ, ಬ್ರೇಕ್ ಹಿಡಿಯಲು ಒಬ್ಬರು ಬೇಕು, ಮೀಟರ್ ಓದಲು ಇನ್ನೊಬ್ಬರು. ತಿರುಗುವ ಪ್ರೊಪೆಲರ್ ಹಿಂದೆ ಕೈಯಲ್ಲಿ ಪ್ರೋಬ್ ಹಿಡಿದು ನಿಲ್ಲುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಲೈಟ್ ಹಾಕಿದಾಗ ಹತ್ತಿಪ್ಪತ್ತು ಮಿಲಿವೋಲ್ಟ್ ಬಂದರೆ ಚಿಂತೆಯಿಲ್ಲ. 0.1 ವೋಲ್ಟ್ ದಾಟಿದರೆ ಹುಡುಕಲು ಕಾರಣವಿದೆ.

ಪಟ್ಟಿ ನೋಡುವಾಗ ಲಗ್ (ತುದಿಯ ಲೋಹದ ಕಿವಿ) ಕೆಳಗೆ ಬಣ್ಣ ಇದೆಯಾ, ಅಲ್ಯುಮಿನಿಯಂ ಮೇಲೆ ಬಿಳಿ ಪುಡಿ ಇದೆಯಾ ಅಂತ ನೋಡಿ. ಹೆಣಿಗೆಯ ಎಳೆಗಳು ಕ್ರಿಂಪ್ (ಲಗ್ ಅನ್ನು ಒತ್ತಿ ಬಿಗಿದ ಜಾಗ) ಒಳಗೆ ತುಂಡಾಗಿದ್ದರೆ ಹೊರಗಿನಿಂದ ಕಾಣುವುದಿಲ್ಲ, ಬಗ್ಗಿಸಿ ನೋಡಬೇಕು. ಅನುಮಾನ ಬಂದರೆ ಹೊಸದೇ ಹಾಕಿ, ಗೇಜಿಗಿಂತ ಅಗ್ಗ. ಲೋಹ ಹೊಳೆಯುವ ತನಕ ಉಜ್ಜಿ ಬಿಗಿಯಿರಿ. ಬ್ಯಾಟರಿ ನೆಗೆಟಿವ್ ವಿಮಾನದ ಬಾಡಿಗೆ ಕಟ್ಟಿದ್ದರೆ ಸ್ಟಾರ್ಟರ್ ಕರೆಂಟ್ ಹೋಗುವುದೂ ಇದೇ ದಾರಿಯಲ್ಲಿ. ಪಟ್ಟಿ ಕೆಟ್ಟಿದ್ದರೆ ಆ ನೂರಾರು ಆಂಪಿಯರ್ ಥ್ರಾಟಲ್, ಮಿಕ್ಸ್ಚರ್ ಕೇಬಲ್‌ಗಳ ಮೂಲಕ ದಾರಿ ಹುಡುಕುತ್ತದೆ. ಹಾಗಾಗಿ ಆ ಕೇಬಲ್‌ಗಳು ಕಾದು ಬಿಗಿಯಾಗಿವೆಯೇ ಎಂದೂ ಎಳೆದು ನೋಡಿ. ಗೇಜಿನ ತಪ್ಪಿಗಿಂತ ಇದು ನನಗೆ ಹೆಚ್ಚು ಭಯ.

ಇನ್ನೊಂದು ವಿಷಯ, ನಿಮ್ಮ ಹೊಸ ಸೆಂಡರ್ ಬಗ್ಗೆ. ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಿ ಹಾಕಿದಿರಾ? ಸುತ್ತಿದ್ದರೆ ಬಿಚ್ಚಿ ತೆಗೆಯಿರಿ. ಟೇಪಿನ ಚೂರು ಆಯಿಲ್ ದಾರಿಗೆ ಹೋಗುವುದು ಒಂದು ಅಪಾಯ. ಇನ್ನೊಂದು, ಟೇಪ್ ಅರ್ಥನ್ನು ದುರ್ಬಲ ಮಾಡುತ್ತದೆ. ಇಲ್ಲಿ ತಪ್ಪು ಉಲ್ಟಾ ದಿಕ್ಕಿಗೆ ಹೋಗುತ್ತದೆ. ತಡೆ ಸೆಂಡರ್ ಜೊತೆ ಕೂಡಿಕೊಂಡು ಪ್ರೆಶರ್ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. 10 ಬಾರ್ (1 ಬಾರ್ ಅಂದರೆ ಸುಮಾರು 14.5 ಪಿಎಸ್‌ಐ) ಸೆಂಡರ್‌ನಲ್ಲಿ ಬಾರ್‌ಗೆ ಸುಮಾರು 17 ಓಮ್ ಲೆಕ್ಕ. 10 ಓಮ್ ಕೆಟ್ಟ ಕಾಂಟ್ಯಾಕ್ಟ್ ಇದ್ದರೆ ಸುಮಾರು 8.5 ಪಿಎಸ್‌ಐ ಹೆಚ್ಚು. ತುಕ್ಕು ಹಿಡಿದ ಟರ್ಮಿನಲ್ ಕೂಡ ಇದನ್ನೇ ಮಾಡುತ್ತದೆ. ತಂತಿ ಪೂರ್ತಿ ಕಳಚಿದರೆ ಮುಳ್ಳು ಮೇಲಿನ ತುದಿಗೆ ಹೋಗುತ್ತದೆ, ತಂತಿ ಉಜ್ಜಿ ಬಾಡಿಗೆ ತಾಗಿದರೆ ಸೊನ್ನೆಗೆ ಬೀಳುತ್ತದೆ. ಬೀಳುವ ಮುಳ್ಳು ನಿಮ್ಮನ್ನು ನೆಲಕ್ಕಿಳಿಸುತ್ತದೆ. ಸುಮ್ನೆ ಚೆನ್ನಾಗಿ ತೋರಿಸುವ ಮುಳ್ಳನ್ನು ಯಾರೂ ವಿಚಾರಿಸುವುದಿಲ್ಲ.

ಈ ಚರ್ಚೆ ಓದುತ್ತಿರುವ ಬೇರೆಯವರಿಗೆ: 4-20 ಮಿಲಿಆಂಪಿಯರ್ ಸೆನ್ಸರ್ (ಓಮ್ ಬದಲು ಕರೆಂಟಿನಲ್ಲಿ ಓದು ಕಳಿಸುವಂಥದ್ದು) ಇರುವ ಎಂಜಿನ್‌ಗೆ ಈ ಲೆಕ್ಕ ನಡೆಯದು. ಅಲ್ಲಿ ತಂತಿ ಕಳಚಿದರೆ ಓದು ಕೆಳಗೆ ಬೀಳುತ್ತದೆ. ಮತ್ತೆ, ಸರ್ಟಿಫೈಡ್ ವಿಮಾನವಾದರೆ ನೀವೇ ಬಿಚ್ಚಬೇಡಿ, ಲೈಸೆನ್ಸ್ ಇರುವ ಎಂಜಿನಿಯರ್ ಕೈಯಲ್ಲಿ ಮಾಡಿಸಿ.

ಪಟ್ಟಿ ಸರಿಮಾಡಿದ ಮೇಲೂ ಮುಳ್ಳು ಸ್ವಲ್ಪ ಅಲ್ಲಾಡಿದರೆ ಗೇಜಿನ ಅರ್ಥ್ ತಂತಿಯನ್ನು ಪ್ಯಾನೆಲ್‌ನಿಂದ ತೆಗೆದು ನೇರ ಎಂಜಿನ್ ಕೇಸಿಗೆ ತನ್ನಿ. ಎರಡು ಟರ್ಮಿನಲ್ ಇರುವ ಸೆಂಡರ್ ಸಿಕ್ಕರೆ ಇನ್ನೂ ಒಳ್ಳೆಯದು. ಮೆಕ್ಯಾನಿಕಲ್ ಗೇಜಿನ ಓದು, ಲೈಟ್ ಆರಿದಾಗಿನ ವೋಲ್ಟ್, ಲೈಟ್ ಹಾಕಿದಾಗಿನ ವೋಲ್ಟ್, ಈ ಮೂರನ್ನು ಇಲ್ಲಿ ಹಾಕಿ. ಪಟ್ಟಿಯ ಎರಡೂ ತುದಿಯ ಫೋಟೋ ಇದ್ದರೆ ಅದನ್ನೂ ಕಳಿಸಿ.